ಹೆಬ್ಬಾತಿನ ಅನುಮಾನ

ನನ್ನನ್ನು ಯಾರೂ ಪೂರ್ತಿ ನಂಬುವುದಿಲ್ಲ. ತಪ್ಪು ಅವರದಲ್ಲ. ಮನೆಗೆ ಬಂದವರ ಕೆಮ್ಮು, ಸೊಂಟ ಹಿಡಿದು ಏಳುವ ರೀತಿ, ಎಲ್ಲವನ್ನೂ ಅವರು ಹೊಸಿಲು ದಾಟುವುದರೊಳಗೆ ಮಾಡಿ ತೋರಿಸುವುದು ನನ್ನ ಚಾಳಿ. ಕಡೂರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಪರಿಚಯದವರು ನಿಂತೇ ಬರುತ್ತಾರೆ. ಆದರೆ ಒಂದು ಹೆಬ್ಬಾತು ಕೂಡ ನನ್ನನ್ನು ಅನುಮಾನಿಸೀತೆಂದು ಅಂದುಕೊಂಡಿರಲಿಲ್ಲ.

ಪಂಚನಹಳ್ಳಿಯ ನಮ್ಮ ತೋಟಕ್ಕೆ ಕಾವಲಿಗೆಂದು ಅಣ್ಣ ತಂದ ಜೋಡಿ ಅದು. ಈ ಸಲ ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತದ್ದು ಮೋಟಾರ್ ಮನೆಯೊಳಗೆ, ಸರಿಯಾಗಿ ಸ್ಟಾರ್ಟರಿನ ಕೆಳಗೆ. ಗಂಡು ಬಾಗಿಲಲ್ಲಿ ಕುತ್ತಿಗೆ ಚಾಚಿ ಬುಸುಗುಡುತ್ತಾ ನಿಂತಿತು. ಅಣ್ಣ ಊರಿನಲ್ಲಿರಲಿಲ್ಲ. ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ದಿನವೂ ನೀರು ಬಿಡಲೇಬೇಕು. ಗೂಡು ಸರಿಸಿದರೆ ಹೆಣ್ಣು ಕಾವು ಬಿಟ್ಟೇಳುತ್ತದೆ ಎಂದು ಅತ್ತಿಗೆ ಮೊದಲೇ ಎಚ್ಚರಿಸಿದ್ದರು.

ತನ್ನ ಕುಲದವನೆಂದು ಒಪ್ಪಿಕೊಳ್ಳಲಿ ಎಂದು ನಾನು ಅದರ ಕೂಗನ್ನೇ ಅಣಕಿಸುತ್ತಾ ಹೋದೆ. ಒಪ್ಪಿಕೊಂಡಿತು, ಹೆಂಡತಿಯ ಮೇಲೆ ಕಣ್ಣಿಟ್ಟ ಇನ್ನೊಂದು ಗಂಡೆಂದು! ಪಂಚೆ ಅದರ ಕೊಕ್ಕಿನಲ್ಲುಳಿಯಿತು, ನಾನು ಬದುವಿನಾಚೆಗೆ ಬಿದ್ದೆ.

ಅತ್ತಿಗೆ ಮಾತ್ರ ನೀರಿನ ಬೋಸಿ ಹಿಡಿದು ಸಲೀಸಾಗಿ ಒಳಹೊಕ್ಕು ಮೋಟಾರ್ ಹಾಕಿ ಬಂದರು. ನನಗೆ ಗುಮಾನಿ: ಇವರಿಬ್ಬರ ನಡುವೆ ಏನೋ ಒಪ್ಪಂದವಿದೆ. ಗುಟ್ಟಾಗಿ ಏನು ತಿನ್ನಿಸುತ್ತೀರಿ ಎಂದು ಕೇಳಿಯೂ ಕೇಳಿದೆ.

“ಏನೂ ಇಲ್ಲ ಕಣೋ. ನೀನು ಅದರ ಮುಖ ನೋಡ್ಕೊಂಡು ಕುಣೀತೀಯ, ಆಮೇಲೆ ಓಡ್ತೀಯ. ಪಕ್ಕಕ್ಕೆ ನೋಡ್ಕೊಂಡು ನಿಧಾನಕ್ಕೆ ಹೋಗು.”

ನಾನು ನಂಬಲಿಲ್ಲ. ಆದರೆ ಮರುದಿನ ಅವರು ನಾಲ್ಕು ದಿನದ ಮಟ್ಟಿಗೆ ಅಜ್ಜಂಪುರದ ತವರಿಗೆ ಹೊರಡುವವರಿದ್ದರು. ಸಸಿಗಳ ಜೀವ ನನ್ನ ಕೈಗೆ ಬಂತು. ಅಂದು ಸಂಜೆಯೇ ತೆಂಗಿನ ಮರದ ಮರೆಯಲ್ಲಿ ನಿಂತು ಪತ್ತೇದಾರನಂತೆ ಅವರ ನಡಿಗೆಯನ್ನೇ ಗಮನಿಸಿದೆ. ಸೊಂಟಕ್ಕೊರಗಿದ ಬೋಸಿ, ಕೊಂಚ ಎಳೆಯುವ ಎಡಗಾಲು, “ಬತ್ತೀನಿರಪ್ಪಾ” ಎಂಬ ಗೊಣಗು.

ಬೆಳಗ್ಗೆ ಕರೆಂಟು ಬಂದ ಕೂಡಲೇ ಬೋಸಿ ಎತ್ತಿಕೊಂಡೆ, ಕಾಲು ಎಳೆದೆ, ಗೊಣಗಿದೆ. ಗಂಡು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನನ್ನನ್ನು ಅಳೆಯಿತು. ಬಹಳ ಹೊತ್ತು ಅಳೆಯಿತು. ಕೊನೆಗೆ ದಾರಿ ಬಿಟ್ಟಿತು. ಮೋಟಾರ್ ಗುಂಯ್‌ಗುಟ್ಟಿತು. ಗೆದ್ದವನಂತೆ ತಿರುಗಿದರೆ, ಬಾಗಿಲಲ್ಲಿ ಬ್ಯಾಗು ಹಿಡಿದ ಅತ್ತಿಗೆ.

“ನಾನು ಹಿಂಗಾ ನಡೆಯೋದು?”

ರಸ್ತೆಯಲ್ಲಿ ಬಸ್ಸು ಹಾರನ್ ಹಾಕಿತು. ಅವರು ಕದಲದೆ ಬ್ಯಾಗು ಕೆಳಗಿಟ್ಟರು.

“ಕಾಲು ಅಷ್ಟು ಎಳೆಯಲ್ಲ ನಾನು. ಇನ್ನೊಂದ್ಸಲ ನಡಿ.”

ಮುಂದಿನ ಬಸ್ಸು ಬರುವವರೆಗೂ ನನ್ನನ್ನು ಬದುವಿನ ಮೇಲೆ ಅತ್ತಿಂದಿತ್ತ ನಡೆಸಿದರು. ಹೆಬ್ಬಾತಾದರೋ ಒಂದೇ ಸಲಕ್ಕೆ ಪಾಸು ಮಾಡಿತ್ತು.