ಪರೀಕ್ಷೆಯಲ್ಲಿದ್ದರೆ ಮಾತ್ರ ಕಿರುಚುವ ಸಾಲಿಗೆ

ಮಾನ್ಯ 'ಇದ್ದರೆ'ಯವರೇ,

ನಮ್ಮ ಹಿಂದಿನ ಬಯಲಿನ ಬೋರ್‌ವೆಲ್ ಪಂಪು ನಡೆಸುವ ಪ್ರೋಗ್ರಾಮಿನೊಳಗೆ ಒಂದೇ ಒಂದು ಸಾಲಾಗಿ ವಾಸವಾಗಿರುವ ತಮಗೆ, ಲಾಂಗ್‌ರೀಚ್ ಊರಿನಾಚೆ ಧೂಳಿನಲ್ಲಿ ದನ ಸಾಕುವ ಕ್ಲಾರಿ ಮಲ್ಡೂನನು ಟೊಪ್ಪಿ ತೆಗೆದು ಮಾಡುವ ವಂದನೆಗಳು. ಭಿನ್ನರಾಶಿ ಶುರುವಾಗುವ ಮೊದಲೇ ಶಾಲೆ ಬಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ನುಂಗಿಕೊಳ್ಳಿ. ಆ ವಿದ್ಯೆ ತಮಗೆ ಬರುತ್ತದೆ.

ಸೊಂಟ ಮುರಿದುಕೊಂಡ ಮೇಲೆ ಪಿಕಪ್ಪಿನಲ್ಲಿ ಕುಲುಕಾಡುತ್ತಾ ಹೋಗಿ ತೊಟ್ಟಿ ನೋಡಿ ಬರುವುದು ನನ್ನಿಂದಾಗದೆಂದು ತಮ್ಮನ್ನು ತರಿಸಿಕೊಂಡೆವು. ತಾವು ಬಂದಿರಿ, ಫೋನಿನಲ್ಲಿ ಹಸಿರು ದೀಪ ಬೆಳಗಿದಿರಿ, ತೊಟ್ಟಿ ತುಂಬಿದೆ ಎಂದಿರಿ. ನಮ್ಮಲ್ಲಿ ನಡುಬೇಸಿಗೆಯಾದ ಜನವರಿಯ ಆ ಬೆಂಕಿಯಂಥ ವಾರವಿಡೀ ಅದನ್ನೇ ಎನ್ನುತ್ತಿದ್ದಿರಿ. ಗಾಳಿಯಲ್ಲಿ ದನಗಳ ಕೂಗು ಕೇಳಿಸಿಕೊಂಡ ನನ್ನ ಹೆಂಡತಿ ನೊರೀನ್ ಮಾತ್ರ, "ಆ ಫೋನು ಒರೆಸ್ತಾ ಕೂತ್ಕೋಬೇಡ ಮುದುಕಾ, ಎದ್ದು ಗಾಡಿ ತೆಗಿ!" ಎಂದು ಗದರಿದಳು. ಹೋಗಿ ನೋಡಿದರೆ ತೊಟ್ಟಿಯ ತಳದ ಕೆಸರೂ ಒಣಗಿ ಬಿರಿದಿತ್ತು. ಕರುಗಳು ಅದನ್ನೇ ನೆಕ್ಕುತ್ತಿದ್ದವು. ಮೂರು ಕರುಗಳು ನೆಕ್ಕುವುದನ್ನೂ ಬಿಟ್ಟು ಮಲಗಿದ್ದವು, ಮತ್ತೆ ಏಳಲಿಲ್ಲ. ಆಗಲೂ ತಮ್ಮ ಹಸಿರು ದೀಪ ಎಷ್ಟು ತಂಪಾಗಿತ್ತೆಂದರೆ, ಉಳಿದವಕ್ಕೆ ಅದನ್ನೇ ಕುಡಿಸೋಣವೆನಿಸಿತು.

ನೀರಿನ ಮಟ್ಟ ಹೇಳುವ ಸೆನ್ಸರಿನ ವೈರನ್ನು ಬಿಳಿ ಕಾಕಟೂ ಗಿಣಿಯೊಂದು ಕಡಿದುಹಾಕಿತ್ತು. ತಮ್ಮನ್ನು ಬರೆದ ಕಂಪನಿಯ ಡಾರ್ಸಿ ಬಂದು ಪಂಪಿನ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಸಿಕ್ಕಿಸಿದ್ದೇ ತಡ, ಅದರಲ್ಲೂ ನನ್ನ ಫೋನಿನಲ್ಲೂ ತಾವು ಕೆಂಪಗೆ ಕಿರುಚಿಕೊಂಡಿರಿ: ಸೆನ್ಸರ್ ಉತ್ತರಿಸುತ್ತಿಲ್ಲ!

"ನೋಡಿ ಕ್ಲಾರಿ, ಸರಿಯಾಗೇ ಹೇಳ್ತಿದೆಯಲ್ಲ" ಎಂದ ಡಾರ್ಸಿ.

"ಈಗ ಹೇಳ್ತಿದೆ. ಕರು ಸಾಯೋವಾಗ ಇದು ಬಾಯಲ್ಲೇನು ಇಟ್ಕೊಂಡಿತ್ತು?"

ಅವನು ಕತ್ತು ಕೆರೆದುಕೊಂಡ. "ಅದು, ನಾವು ಲ್ಯಾಪ್‌ಟಾಪ್ ಸಿಕ್ಕಿಸಿ ಪರೀಕ್ಷೆ ಮಾಡ್ತಾ ಇದ್ದರೆ ಮಾತ್ರ ತಪ್ಪು ತೋರಿಸುತ್ತೆ. ಇಲ್ದಿದ್ರೆ ನುಂಗ್ಕೊಂಡು ಹಳೇ ಅಳತೆನೇ ತೋರಿಸ್ತಿರುತ್ತೆ, ತೊಟ್ಟಿ ತುಂಬಿದೆ ಅಂತ ಪಂಪೂ ಓಡಲ್ಲ. ಸುಮ್‌ಸುಮ್ನೆ ಗಿರಾಕಿಗಳಿಗೆ ಗಾಬರಿ ಯಾಕೆ ಅಂತ."

"ನಂಗೆ ಗಾಬರಿ ಆಗ್ಲಿಲ್ಲಪ್ಪ, ದೊಡ್ಡ ಉಪಕಾರ. ದನಕ್ಕೆ ಆಯ್ತು."

ಆಹಾ, ಎಂಥ ಮರ್ಯಾದಸ್ಥರು ತಾವು! ಸಾಹೇಬರು ಎದುರಿಗಿದ್ದರೆ ಸತ್ಯ, ಬೆನ್ನು ತಿರುಗಿಸಿದರೆ ಶಾಂತಿ. ನನ್ನ ಸೊಂಟಕ್ಕೂ ಇದನ್ನು ಕಲಿಸಿಕೊಡಬೇಕೆಂದು ಕೋರುತ್ತೇನೆ. ಡಾಕ್ಟರು ಮುಟ್ಟಿದಾಗ ಮಾತ್ರ ನೋಯಲಿ.

ಡಾರ್ಸಿ ಹೊಸ ವೈರನ್ನು ಕಬ್ಬಿಣದ ಕೊಳವೆಯೊಳಗೆ ಹಾಕಿಕೊಟ್ಟ. ತಮ್ಮನ್ನು ತೆಗೆಯಲು ಮಾತ್ರ ಮೇಲಿನವರ ಒಪ್ಪಿಗೆ ಬೇಕಂತೆ, ಚಳಿಗಾಲದ ಹೊತ್ತಿಗೆ ಆಗಬಹುದಂತೆ. ಅಲ್ಲಿಯವರೆಗೆ ಬಾಯಾರದಿರಿ ಎಂದು ಕರುಗಳನ್ನು ವಿನಂತಿಸಿಕೊಂಡೆ; ಅವು ಒಪ್ಪಲಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಬಿಚ್ಚಲು ನಾನು ಬಿಡಲಿಲ್ಲ. ನೊರೀನ್ ಅದಕ್ಕೆ ಹಿಂಡಿ ಚೀಲದ ನೆರಳು ಕಟ್ಟಿ, ಪಂಪಿನ ಸೋಲಾರಿನಿಂದಲೇ ಕರೆಂಟು ಕೊಟ್ಟಿದ್ದಾಳೆ. ತಾವೀಗ ಎಡೆಬಿಡದೆ ಪರೀಕ್ಷೆಯಲ್ಲಿದ್ದೀರಿ, ಆದ್ದರಿಂದ ಎಡೆಬಿಡದೆ ಸತ್ಯವಂತರು. ಲ್ಯಾಪ್‌ಟಾಪ್ ಕೊಡಿ ಎಂದು ಡಾರ್ಸಿ ದಿನಾ ಫೋನು ಮಾಡುತ್ತಾನೆ; ತಾವು ಹೊರಟ ದಿನ ಅದೂ ಹೊರಡುತ್ತದೆಂದು ಹೇಳಿದ್ದೇನೆ.

ವಿಶ್ವಾಸ ಉಳಿದಿದ್ದರೆ,
ತಮ್ಮ ವಿಶ್ವಾಸಿ,
ಕ್ಲಾರಿ ಮಲ್ಡೂನ್

ತಾ.ಕ.: ಆ ಕಾಕಟೂ ಈಗ ತೊಟ್ಟಿಯ ಅಂಚಿನಲ್ಲೇ ಬಿಡಾರ ಹೂಡಿದೆ. ನೀರು ಕೊಕ್ಕಿಗೆ ಎಟುಕದಷ್ಟು ಇಳಿಯಿತೋ, ಇಡೀ ಬಯಲಿಗೆ ಕೇಳುವಂತೆ ಕಿರುಚುತ್ತದೆ; ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿಯೂ ನೋಡುವುದಿಲ್ಲ. ವೈರು ಕಡಿದ ಅಪರಾಧವನ್ನು ಮನ್ನಿಸಿ, ತಮ್ಮ ಹುದ್ದೆಗೆ ಅದರ ಹೆಸರನ್ನು ಶಿಫಾರಸು ಮಾಡಿದ್ದೇನೆ.