ಮಾವನ ಆಸ್ಪತ್ರೆ ಸಮಾರಾಧನೆ

ನಮ್ಮ ಸೋದರಮಾವ ಹುಚ್ಚಾಸ್ಪತ್ರೆಗೆ ಹೋಗಿಬಂದವನು ಎಂಬ ಗುಟ್ಟನ್ನು ನಾನು ಬಯಲು ಮಾಡುತ್ತಿದ್ದೇನೆಂದು ಯಾರೂ ಬೇಸರಪಡಬಾರದು. ಅದು ಗುಟ್ಟಾಗಿ ಉಳಿಯುವುದಕ್ಕೆ ಅವನು ಬಿಟ್ಟರೆ ತಾನೆ! ಸಂತೆಯಲ್ಲಿ ಗುರುತಿಲ್ಲದವರು ಸಿಕ್ಕಿ "ತಮ್ಮದು ಯಾವೂರು?" ಎಂದರೆ, "ಊರು ಇಲ್ಲೇ. ಮಧ್ಯೆ ಸ್ವಲ್ಪ ದಿನ ಬೆಂಗಳೂರು ಹುಚ್ಚಾಸ್ಪತ್ರೇಲಿದ್ದೆ" ಎನ್ನುತ್ತಿದ್ದ. ಕೇಳಿದವರು ಕೊಂಡ ಸೊಪ್ಪನ್ನೂ ಮರೆತು ನಡೆದುಬಿಡುತ್ತಿದ್ದರು.

ಬೆಂಗಳೂರು ಸೀಮೆಯ ಮಧುರೆಯ ಹತ್ತಿರದ ನಮ್ಮ ತವರಿನ ಜಗುಲಿಯೇ ಅವನ ಕೂಲಿಮಠ. ಊರಿನ ಮಕ್ಕಳಿಗೆಲ್ಲ ಅಲ್ಲಿ ಅಕ್ಷರ, ಮಗ್ಗಿ ಹೇಳಿಕೊಡುತ್ತಿದ್ದ. ಮದುವೆಯಿಲ್ಲದ ಅವನಿಗೆ ಆ ಮಕ್ಕಳೇ ಸಂಸಾರ. ಹೀಗಿರುವಾಗ ಒಮ್ಮೆ ಅವನಿಗೆ ಅನುಮಾನ ಹತ್ತಿತು, ಅನ್ನದಲ್ಲಿ ಯಾರೋ ವಿಷ ಹಾಕುತ್ತಿದ್ದಾರೆ ಎಂದು. ಅಮ್ಮ ಬಡಿಸಿದ್ದನ್ನು ಮೊದಲು ಕಾಗೆಗೆ ಇಟ್ಟು, ಅದು ತಿಂದು ಸುಖವಾಗಿ ಹಾರಿಹೋಗುವವರೆಗೆ ಕಾದು, ಆಮೇಲೆ ಒಂದು ತುತ್ತು. ನಮ್ಮೂರ ಕಾಗೆಗಳು ದಪ್ಪಗಾದವು, ಮಾವ ಕಡ್ಡಿಯಾದ. ಕೊನೆಗೆ ಅಮ್ಮ ಅಳುತ್ತಲೇ ತಮ್ಮನನ್ನು ಬೆಂಗಳೂರಿಗೆ ಕರೆದೊಯ್ದಳು.

ಅಲ್ಲಿಯ ಡಾಕ್ಟರು ಮನಸ್ಸಿನ ರೋಗಗಳ ವಿಷಯದಲ್ಲಿ ಏನೋ ಶೋಧನೆ ನಡೆಸಿದ್ದರಂತೆ. ರೋಗಿ ಕೆಮ್ಮಿದರೂ ಬರೆದುಕೊಳ್ಳುವವರು. ಬುದ್ಧಿ ನೆಟ್ಟಗಿದೆಯೇ ನೋಡೋಣವೆಂದು, "ನೀವೀಗ ಎಲ್ಲಿದ್ದೀರಿ, ಹೇಳಿ" ಎಂದರು. ದಿನವೂ ಪೂಜೆಗೆ ಸಂಕಲ್ಪ ಹೇಳುವವನನ್ನು ಇಂಥ ಪ್ರಶ್ನೆ ಕೇಳಬಹುದೇ? ಮಾವ ಕಣ್ಣು ಮುಚ್ಚಿ ಜಂಬೂದ್ವೀಪದಿಂದ ಹೊರಟ. ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ...

"ಆಗಲಿ ರಾಯರೇ, ಬೆಂಗಳೂರಿಗೆ ಎಷ್ಟು ಹೊತ್ತಿಗೆ ಬರ್ತೀರಿ?" ಎಂದರು ಡಾಕ್ಟರು.

"ತಾಳಿ ಸ್ವಾಮಿ, ಇನ್ನೂ ಸಂವತ್ಸರ ಹೇಳಿಲ್ಲ."

ಔಷಧವೋ, ಅಲ್ಲಿ ಮಾಡಿಸಿದ ತೋಟದ ಕೆಲಸವೋ, ಡಾಕ್ಟರ ತಾಳ್ಮೆಯೋ, ದೇವರ ದಯೆಯಿಂದ ಮಾವ ಗುಣವಾಗಿ ಬಂದ. ಬಂದವನು ಸುಮ್ಮನಿದ್ದನೇ? ಕಾಶಿಯಿಂದ ಬಂದವರ ಹಾಗೆ ಸಮಾರಾಧನೆ ಮಾಡಲೇಬೇಕೆಂದು ಕೂತ.

"ಅದೇನು ಪುಣ್ಯಕ್ಷೇತ್ರವೇನೋ, ಊರಿಗೆಲ್ಲ ಊಟ ಹಾಕೋಕೆ?" ಎಂದಳು ಅಮ್ಮ.

"ಅಲ್ವೇ ಅಕ್ಕ, ಕಾಶಿಗೆ ಹೋದೋರು ಏನು ಬಿಟ್ಟು ಬರ್ತಾರೆ? ಒಂದು ಹಣ್ಣು, ಒಂದು ತರಕಾರಿ. ನಾನು ಅನುಮಾನ ಬಿಟ್ಟು ಬಂದಿದೀನಿ. ಯಾವುದು ಹೆಚ್ಚು, ನೀನೇ ಹೇಳು."

ಊರೆಲ್ಲ ಬಂದು ಹೋಳಿಗೆ ಉಂಡಿತು. ಕಾಗೆಯನ್ನು ಕರೆಯದೆ ಮಾವ ಮೊದಲ ತುತ್ತು ಬಾಯಿಗಿಟ್ಟುಕೊಂಡಾಗ ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಹೋಳಿಗೆ ಉಂಡವರು ಮಕ್ಕಳನ್ನು ಮಾತ್ರ ಬೇಗ ಕಳಿಸಲಿಲ್ಲ. ಜಗುಲಿ ಮತ್ತೆ ತುಂಬುವುದಕ್ಕೆ ವರ್ಷಗಳೇ ಹಿಡಿದವು.

ಆಸ್ಪತ್ರೆಯಿಂದ ಮಾವ ತಂದ ಇನ್ನೊಂದು ಪ್ರಸಾದವೆಂದರೆ ಡಾಕ್ಟರ ಪ್ರಶ್ನೆಗಳು. ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ ವಿಚಾರಣೆ ನಡೆಸುತ್ತಿದ್ದ. ಒಮ್ಮೆ ಪಟೇಲರೇ ಸಿಕ್ಕಿಬಿದ್ದರು.

"ನಿದ್ದೆ ಹೇಗಿದೆ ಪಟೇಲರೇ? ಯಾರೂ ಇಲ್ಲದಾಗ ಕಿವೀಲಿ ಯಾರಾದ್ರೂ ಬೈದ ಹಾಗೆ ಕೇಳ್ಸತ್ತಾ?"

"ಮನೇಲಿ ಅವಳು ಇದ್ದಾಗ ಕೇಳ್ಸತ್ತೆ ಮೇಷ್ಟ್ರೇ. ಅದಕ್ಕೂ ಔಷಧ ಐತಾ?"

ನಾವೆಲ್ಲ ನಕ್ಕೆವು. ನಗುವುದಕ್ಕೆ ಏನು, ಕಷ್ಟ ನಮ್ಮದಲ್ಲವಲ್ಲ.

ಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೂ ಕಾರ್ಡು ಬಂದ ದಿನಗಳಲ್ಲಿ, ನಾನು ಚೊಚ್ಚಲ ಹೆರಿಗೆಗೆಂದು ದೇವನಹಳ್ಳಿಯ ಅತ್ತೆಮನೆಯಿಂದ ತವರಿಗೆ ಬಂದೆ. ಹೆಣ್ಣುಮಗು ಹುಟ್ಟಿತು. ಬಾಣಂತಿಯನ್ನು ನೋಡಲು ಬಂದವರೆಲ್ಲ ಹಾಲು ಬರುತ್ತದೆಯೇ, ಖಾರ ತಿಂದೆಯಾ ಎಂದು ಕೇಳಿದರು. ಕಿಟಕಿಯ ಹೊರಗೆ ನಿಂತು ಬೇರೆ ಮಾತು ಕೇಳಿದವನು ಮಾವ ಒಬ್ಬನೇ: "ನಿದ್ದೆ ಬಂತಾ ಮಗು?"

ಬಂದಿರಲಿಲ್ಲ. ಹೆತ್ತಾಗಿನಿಂದ ಬಂದಿರಲಿಲ್ಲ. ಪಕ್ಕದಲ್ಲಿರುವ ಕೂಸು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ, ನನ್ನದು ಬಾವಿಯೊಳಗಿಂದ ಕರೆಯುತ್ತಿದೆ ಎನ್ನಿಸುತ್ತಿತ್ತು. ಯಾರಿಗೂ ಹೇಳದ್ದನ್ನು ಮಾವನಿಗೆ ಹೇಳಿಬಿಟ್ಟೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಹೋಗಿ ಬಾವಿಗೆ ಹಲಗೆ ಮುಚ್ಚಿ ಬಂದು ಅಮ್ಮನೊಡನೆ ಕೂತ.

ನನಗೆ ನಿದ್ದೆಯಿಲ್ಲವೆಂಬುದಷ್ಟೇ ಮನೆಯವರಿಗೂ ನೆರೆಯವರಿಗೂ ಗೊತ್ತಿತ್ತು. ಅಮ್ಮ ಆಗಲೇ ನಾಗದೋಷವೆಂದು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದಳು. ಪಕ್ಕದ ಮನೆಯವರು, ಬೇವಿನ ಬರಲಿನಲ್ಲಿ ಹೊಡೆದು ಗಾಳಿ ಬಿಡಿಸುವವನೊಬ್ಬನಿದ್ದಾನೆ, ಕರೆಸಿ ಎಂದಿದ್ದರು.

"ಹರಕೆ ಇರ್ಲಿ, ಸ್ವಾಮಿ ಕೇಳಿಸ್ಕೋತಾನೆ," ಎಂದ ಮಾವ. "ಹೊಡೆತ ಬೇಡ. ಹೊಡೆದ್ರೆ ಸರಿಹೋಗೋ ಹಾಗಿದ್ರೆ ನನ್ನ ಹುಡುಗರಿಗೆಲ್ಲ ಇಷ್ಟು ಹೊತ್ತಿಗೆ ಮಗ್ಗಿ ಬಂದಿರೋದು. ಬೆಂಗಳೂರಿಗೆ ಕರ್ಕೊಂಡು ಹೋಗೋಣ."

"ದೇವನಹಳ್ಳೀಲಿ ಗೊತ್ತಾದ್ರೆ ಇವಳನ್ನ ಇಲ್ಲೇ ಬಿಟ್ಬಿಡ್ತಾರೆ ಕಣೋ. ಮಗೂನ ಮಾತ್ರ ಕರ್ಕೊಂಡು ಹೋಗ್ತಾರೆ."

"ಯಾರಿಗೂ ಗೊತ್ತಾಗಲ್ಲ ಬಿಡು."

ಮಾರನೆಯ ಬೆಳಿಗ್ಗೆ ಮಾವ ಉಪ್ಪಿಟ್ಟಿನ ತಟ್ಟೆ ಹಿಡಿದು ಬೀದಿಯ ನಡುವೆ ನಿಂತು, ಊರಿಗೆಲ್ಲ ಕೇಳುವಂತೆ ಕಾಗೆಗಳನ್ನು ಕರೆದ. ಹಳೆಯ ನೆಂಟರಲ್ಲವೇ, ಅವೂ ಬಂದವು. ಮಧ್ಯಾಹ್ನದೊಳಗೆ, ಮೇಷ್ಟರಿಗೆ ಮತ್ತೆ ಶುರುವಾಯಿತು ಎಂದು ಊರೆಲ್ಲ ಸುದ್ದಿ. ಜಗುಲಿಯಲ್ಲಿದ್ದ ಮಕ್ಕಳನ್ನು ತಾಯಂದಿರು ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಮಾವ ದೇವನಹಳ್ಳಿಗೂ ಹೋಗಿ ನಮ್ಮ ಯಜಮಾನರಿಗೆ ಮಾತ್ರ ನಿಜ ಹೇಳಿ, ಅವರು ಒಪ್ಪಿದ ಮೇಲೆ ಉಳಿದವರಿಗೆ ಕಾಗೆಯ ಕಥೆ ಹೇಳಿ ಬಂದ. ಹೀಗೆ ನಾನು, ಮಗು, ಅಮ್ಮ "ಮಾವನನ್ನು ನೋಡಿಕೊಳ್ಳಲು" ಇದ್ದಿಲಿನ ಬಸ್ಸು ಹತ್ತಿದೆವು. ಹಸಿ ಬಾಣಂತಿ ಮಾವನಿಗಾಗಿ ಹೊರಟಳಲ್ಲ ಎಂದು ಊರಿನವರು ನನ್ನನ್ನು ಎಷ್ಟು ಹೊಗಳಿದರು!

"ಮತ್ತೆ ಬಂದ್ರಾ?" ಎಂದರಂತೆ ಡಾಕ್ಟರು.

"ನಾನು ದಾರಿ ತೋರಿಸೋಕೆ ಬಂದೆ ಸ್ವಾಮಿ. ಈ ಸಲ ಇವಳು."

ಆ ದಿನಗಳು ನನಗೆ ಪೂರ್ತಿ ನೆನಪಿಲ್ಲ, ಅದೂ ದೇವರು ಮಾಡಿದ ಉಪಕಾರವೇ. ನೆನಪಿರುವುದಿಷ್ಟು: ಕಹಿ ಔಷಧ, ಅದು ತಂದ ನಿದ್ದೆ, ಜಡೆ ಬಿಡಿಸಿ ಎಣ್ಣೆ ಹಚ್ಚಿದ ನರ್ಸಮ್ಮ, ಅಂಗಳದಲ್ಲಿದ್ದ ಒಂದು ತುಳಸಿ ಗಿಡ. ಹತ್ತಿರದಲ್ಲೇ ಕೋಣೆ ಹಿಡಿದಿದ್ದ ಮಾವ ಮಗುವನ್ನೆತ್ತಿಕೊಂಡು ಅಮ್ಮನೊಡನೆ ದಿನವೂ ಬಾಗಿಲಿಗೆ ಬರುತ್ತಿದ್ದನಂತೆ. ಒಂದು ಬೆಳಿಗ್ಗೆ ಹೊರಗೆ ಕೂಸು ಅತ್ತಿತು. "ನನ್ನ ಮಗು ಅಳ್ತಿದೆ, ಕೊಡಿ" ಎಂದೆ. ಡಾಕ್ಟರು ಅದನ್ನೂ ಬರೆದುಕೊಂಡರು.

ನಾನು ಗಂಡನ ಮನೆ ಸೇರಿದೆ. ಮಾವನ ಜಗುಲಿಗೆ ಮಾತ್ರ ಒಂದು ಮಗುವೂ ಬರಲಿಲ್ಲ. ವರ್ಷಗಳಾದರೂ ಬೆಳಿಗ್ಗೆ ಗುಡಿಸಿ, ಮರಳು ಹರಡಿ, ಕೂತಿರುತ್ತಿದ್ದ. ಕೇಳಿದರೆ, "ಯಾರೂ ಇಲ್ದೇ ಇರೋದ್ರಿಂದ ಒಬ್ಬರೂ ತಪ್ಪು ಹೇಳ್ತಾ ಇಲ್ಲ ಕಣೆ" ಎನ್ನುತ್ತಿದ್ದ.

ಈ ವಿಜಯದಶಮಿಗೆ ಮಗಳ ಅಕ್ಷರಾಭ್ಯಾಸ. ಮಾವನೇ ಬಂದು ಅವಳ ಕೈ ಹಿಡಿದು ಬರೆಸಬೇಕೆಂದು ಹೇಳಿಕಳಿಸಿದೆ. ಬಂದು ನಡುಮನೆಯಲ್ಲಿ ಕೂತ. ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದರು.

"ಬೇರೆ ಯಾರೂ ಸಿಗ್ಲಿಲ್ವೇನೆ? ಎರಡು ಸಲ ಅಲ್ಲಿಗೆ ಹೋಗಿಬಂದೋರ ತೊಡೆ ಮೇಲೆ ಮಗೂನ ಕೂರಿಸ್ತೀಯಾ?"

"ಎರಡನೇ ಸಲ ಹೋಗಿದ್ದು ಅವನಲ್ಲ ಅತ್ತೆ. ನಾನು."

ಬಾಗಿಲಲ್ಲಿ ನಿಂತಿದ್ದ ಯಜಮಾನರು, "ಹೌದಮ್ಮ, ನಂಗೆ ಗೊತ್ತು" ಎಂದರು.

ಅತ್ತೆ ಸೌಟನ್ನು ಕೆಳಗಿಟ್ಟರು.

"ನಮ್ಮಕ್ಕಂಗೂ ಹೆರಿಗೆ ಆದ್ಮೇಲೆ ಹೀಗೇ ಆಯ್ತು," ಎಂದರು ಒಲೆಯನ್ನೇ ನೋಡುತ್ತಾ. "ಹಿತ್ತಲ ಕೋಣೇಲಿ ಕೂಡಿಹಾಕಿದ್ರು. ನಾನೇ ಕಿಟಕೀಲಿ ಊಟ ಕೊಡ್ತಿದ್ದೆ. ಅಲ್ಲೇ ಹೋದ್ಲು. ಅವಳಿಗೆ ಇಂಥ ಮಾವ ಇರ್ಲಿಲ್ಲ."

ಹರಿವಾಣಕ್ಕೆ ಅಕ್ಕಿ ಸುರಿದು, ಅಂಗೈಯಿಂದ ಸಮ ಮಾಡಿ, ತಾವೇ ಹೊತ್ತುಕೊಂಡು ಹೋಗಿ ಮಾವನ ಮುಂದಿಟ್ಟರು.

"ಹೊತ್ತಾಗತ್ತೆ ಮೇಷ್ಟ್ರೇ, ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ."

ಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ, ಅಕ್ಕಿಯ ಕಡೆಗೆ ಕೈ ಮಾತ್ರ ಏಳಲಿಲ್ಲ. ಮಗಳು ಒಂದು ಕ್ಷಣ ಕಾದಳು. ಆಮೇಲೆ ತಾನೇ ಅವನ ಬೆರಳು ಹಿಡಿದು ಅಕ್ಕಿಯ ಮೇಲೆ ಇಟ್ಟಳು.