ಪೆಟ್ಟಿಗೆ ಕೇಳಿದ ಹೆಸರು

ನನ್ನ ಹೆಸರು ಯಮನೂರಪ್ಪ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾದವರು ಹೇಳುವುದಿಲ್ಲ. ರೋಣದ ನನ್ನ ಮೋಟಾರು ರಿಪೇರಿ ಅಂಗಡಿಗೆ ಬರುವ ರೈತರೆಲ್ಲ ಬಾಯಿ ತುಂಬ ಈ ಹೆಸರು ಕರೆಯುತ್ತಾರೆ. ಹೆಂಡತಿ ಮಹೇಶ್ವರಿಗೆ ಮಾತ್ರ ನಾನು ‘ಏನ್ರಿ’, ಮಂದಿಯ ಮುಂದೆ ‘ನಮ್ಮ ಮನಿಯವರು’. ಗಂಡನ ಹೆಸರು ಹೇಳಬಾರದೆಂಬುದು ಅವಳು ಅಸೂಟಿಯ ತವರಿನಿಂದ ತಂದ ಬಳುವಳಿ. ಮದುವೆಯಲ್ಲಿ ಹೆಂಗಸರೆಲ್ಲ ಕಾಡಿದಾಗ ಒಮ್ಮೆ, ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಸೇರಿಸುವ ಒಡಪು ಕಟ್ಟಿ ಹೇಳಿದ್ದಳು. ಸರಿಯಾಗಿ ನನ್ನ ಹೆಸರು ಬರುವ ಹೊತ್ತಿಗೆ ಬ್ಯಾಂಡಿನವರು ಶುರು ಮಾಡಿಬಿಟ್ಟರು. (ಅವರಿಗೆ ರೊಕ್ಕ ಕೊಟ್ಟವನೂ ನಾನೇ.) ಅಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಕೇಳುವ ಆಸೆ ಎದೆಯಲ್ಲಿ ಹಾಗೇ ಉಳಿದಿದೆ.

ಹೀಗಿರುವಾಗ ನಾನು ಸ್ವಲ್ಪ ಬಿಟ್‌ಕಾಯಿನ್ ಕೊಂಡೆ. ಕಳ್ಳರ ಭಯಕ್ಕೆ, ಅದನ್ನು ಕಾಯಲು ಪೆನ್‌ಡ್ರೈವಿನಂಥ ಒಂದು ಹಾರ್ಡ್‌ವೇರ್ ವಾಲೆಟ್ ತರಿಸಿದೆ. ಅದು ಇಪ್ಪತ್ನಾಲ್ಕು ಇಂಗ್ಲಿಷ್ ಶಬ್ದ ಕೊಟ್ಟಿತು. ಯಂತ್ರ ಕೆಟ್ಟರೂ ಆ ಶಬ್ದಗಳಿಂದ ಎಲ್ಲ ವಾಪಸು ಬರುತ್ತದೆ. ಫೋಟೋ ತೆಗೆಯಬಾರದು, ಯಾರಿಗೂ ತೋರಿಸಬಾರದು. ಚೀಟಿಯಲ್ಲಿ ಬರೆದು ಮಹೇಶ್ವರಿಯ ಮದುವೆ ಸೀರೆಯ ಮಡಿಕೆಯಲ್ಲಿಟ್ಟೆ. ಆ ಇಪ್ಪತ್ನಾಲ್ಕರ ಜೊತೆಗೆ ಇನ್ನೊಂದು ಗುಪ್ತ ಶಬ್ದವನ್ನು ನಾವೇ ಸೇರಿಸಬಹುದಿತ್ತು. ಆಗಲೇ ನನಗೆ ಆ ಮಹೋಪಾಯ ಹೊಳೆದದ್ದು.

‘ನಾಳೆ ನನಗೇನರೆ ಆದ್ರ ಇದನ್ನ ತಗಿಯಾಕಿ ನೀನ. ಗುಪ್ತ ಶಬ್ದಕ್ಕ ನನ್ನ ಹೆಸರ ಇಡೂಣು. ನೀ ಹೇಳು, ನಾ ಒತ್ತತೀನಿ’ ಎಂದೆ.

ಮಹೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ‘ಬ್ಯಾರೆ ಏನರೆ ಇಡ್ರಿ. ಎಮ್ಮಿ ಹೆಸರ ಐತೆಲ್ಲ.’

‘ಎಮ್ಮಿ ಹೆಸರ ಓಣಿಗೆಲ್ಲ ಗೊತ್ತೈತಿ.’

‘ನಿಮ್ಮದೂ ಗೊತ್ತೈತ್ರಿ.’

‘ಒಂದ ಸಲ ಹೇಳು, ಮಹೇಶ್ವರಿ. ಮನ್ಯಾಗ ಯಾರೂ ಇಲ್ಲ.’

‘ನೀವ ಅದೀರೆಲ್ಲ. ತರ್ರಿ ಇಲ್ಲೆ, ನಾನ ಒತ್ತತೀನಿ.’

ಹಿಟ್ಟಿನ ಕೈ ತೊಳೆದು, ನನಗೆ ಬೆನ್ನು ಮಾಡಿ ಕುಳಿತು ಒಂದೊಂದೇ ಅಕ್ಷರ ಒತ್ತಿದಳು. ಬಾಯಲ್ಲಿ ಬಾರದಿದ್ದರೂ ಬೆರಳಿನಲ್ಲಾದರೂ ನನ್ನ ಹೆಸರು ಬಂತಲ್ಲ ಎಂದು ಸಮಾಧಾನಪಟ್ಟು ಇದ್ದಬದ್ದ ಕಾಯಿನ್ನೆಲ್ಲ ಅದರೊಳಗೆ ಕಳಿಸಿದೆ.

ಮುಂದಿನ ವಾರ ಅಂಗಡಿಯಿಂದ ಬಂದವನು ನನ್ನ ಹೆಸರು ಒತ್ತಿ ತೆರೆದರೆ ಒಳಗೆ ಸೊನ್ನೆ. (ಗುಪ್ತ ಶಬ್ದ ಬೇರೆಯಾದರೆ ಈ ಯಂತ್ರ ತಪ್ಪು ಎನ್ನುವುದಿಲ್ಲ, ಮರ್ಯಾದೆಯಿಂದ ಬೇರೊಂದು ಖಾಲಿ ಪೆಟ್ಟಿಗೆ ತೆರೆದು ತೋರಿಸುತ್ತದೆ.) ಯಂತ್ರ ಹಿಡಿದುಕೊಂಡೇ ಮಹೇಶ್ವರಿಯ ಹತ್ತಿರ ಓಡಿದೆ.

‘ಅವತ್ತ ಏನ ಒತ್ತಿದಿ?’

‘ಬಾಯಿಲೆ ಹೇಳದಾಕಿ ಬೆರಳಿಲೆ ಹೇಳ್ತೀನೇನ್ರಿ?’

‘ಮತ್ತೇನ ಒತ್ತಿದಿ?’

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ‘ಮನಸಿನ್ಯಾಗ ನಾ ನಿಮ್ಮನ್ನ ಏನಂತ ಕರಿತೀನಿ, ಅದನ್ನ.’

‘ಏನಂತ ಕರಿತಿ?’

‘ಹೇಳಿದ್ರ ಹೆಸರ ಹೇಳಿದಂಗ ಆತಲ್ರಿ. ಕೊಡ್ರಿ ಇಲ್ಲೆ, ಆ ಕಡೆ ಮಾರಿ ಮಾಡ್ರಿ.’

ಗೋಡೆಯ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಗುಂಡಿಗಳು ಟಕ್ ಟಕ್ ಎಂದವು. ಕಾಯಿನ್ನೆಲ್ಲ ಇದ್ದಲ್ಲೇ ಇದ್ದವು.

ಬಿಟ್‌ಕಾಯಿನ್ ರೇಟು ನೋಡುವುದನ್ನು ನಾನು ಈಗ ಬಿಟ್ಟಿದ್ದೇನೆ. ಆದರೂ ಆಗಾಗ ಪೆಟ್ಟಿಗೆ ತೆರೆಯೆಂದು ನಾನೇ ಅವಳಿಗೆ ಗಂಟುಬೀಳುತ್ತೇನೆ, ಗೋಡೆ ನೋಡುತ್ತ ನಿಂತು ಆ ಸದ್ದು ಕೇಳುತ್ತೇನೆ. ಟಕ್ ಟಕ್ ಎಣಿಸಿ ನೋಡಿದೆ, ಆ ಹೆಸರು ಎಮ್ಮೆಯ ಹೆಸರಿಗಿಂತ ಉದ್ದವಿದೆ. ಇಲ್ಲಿಯವರೆಗೆ ಅಷ್ಟು ಮಾತ್ರ ಖಾತ್ರಿಯಾಗಿದೆ.